ಅಳೆಯದೆ ಬರೆದ ನಾಲ್ಕು ಸಾಲು

ದೇವನಹಳ್ಳಿಯಲ್ಲಿ ನಮ್ಮ ಮನೆಯಿಂದ ಹಾಲಿನ ಬೂತಿಗೆ ಹೋಗುವ ದಾರಿಯಲ್ಲಿ ಮೇಲುಸೇತುವೆಯ ಕೆಲಸ ನಡೆಯುತ್ತಿದೆ. ಕಂಬ ನಿಲ್ಲಿಸಲು ನೆಲದಲ್ಲಿ ಆಳವಾದ ಗುಂಡಿ ಕೊರೆಯುತ್ತಾರೆ. ಗುಂಡಿಯ ಗೋಡೆ ಕುಸಿಯದಿರಲೆಂದು ಅದರ ತುಂಬ ಜೇಡಿಮಣ್ಣಿನ ತೆಳು ಕೆಸರನ್ನು ತುಂಬುತ್ತಾರೆ. ಒಂದು ಬೆಳಿಗ್ಗೆ ಆ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ಹೊಸ ಮಡಕೆಗೆ ಮೊದಲ ಸಲ ನೀರು ಹೊಯ್ದಾಗ ಬರುತ್ತದಲ್ಲ, ಅಂಥ ವಾಸನೆ. ಅದರ ಮೇಲೆ ಒಂದಿಷ್ಟು ಡೀಸೆಲ್ಲಿನದು. ಹಾಲಿನ ಚೀಲ ಹಿಡಿದುಕೊಂಡು ನಿಂತುಬಿಟ್ಟೆ. ತಗಡಿನ ಬೇಲಿಯ ಸಂದಿಯಲ್ಲಿ ನೋಡಿದರೆ, ಹೆಲ್ಮೆಟ್ ಹಾಕಿಕೊಂಡ ಒಬ್ಬ ಹೆಣ್ಣುಮಗಳು ಕುಕ್ಕರಗಾಲಿನಲ್ಲಿ ಕೂತು ಪುಟ್ಟ ಬಟ್ಟಲಿಗೆ ಕೆಸರು ತುಂಬಿ ತೂಗುತ್ತಿದ್ದಳು. ತಕ್ಕಡಿಯ ಕೋಲಿನ ಮೇಲೆ ಜಾರುವ ತೂಕದ ಬಿಲ್ಲೆಯನ್ನು ಅಷ್ಟಷ್ಟೇ ಸರಿಸಿ, ಸಮ ಬಂದ ಮೇಲೆ ಓದಿ ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ಬಟ್ಟಲು ತೊಳೆದು, ತೂಗಲು ಇನ್ನೊಮ್ಮೆ ತುಂಬತೊಡಗಿದಳು.

ಆ ಎರಡನೆಯ ತೂಕ ಮುಗಿಯುವವರೆಗೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ನಲ್ಲೂರಣ್ಣ ಒಂದೊಂದು ಸಲವೂ ಎರಡು ಬಾರಿ ತೂಗುತ್ತಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಅವರನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ಅವರದು ನಲ್ಲೂರು, ಹುಣಸೆತೋಪಿನ ನಲ್ಲೂರು, ನನ್ನದು ಸೂಲಿಬೆಲೆ. ಊರಿನಲ್ಲಿದ್ದಾಗ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಎಪ್ಪತ್ತರ ದಶಕದ ಮೊದಮೊದಲಲ್ಲಿ, ಗುಜರಾತಿನ ಬಯಲಿನಲ್ಲಿ, ಎಣ್ಣೆಬಾವಿ ಕೊರೆಯುವ ಒಂದು ರಿಗ್ಗಿನ ಬುಡದಲ್ಲಿ ನಮ್ಮ ಪರಿಚಯವಾಯಿತು. ನಾನು ಬಿ.ಎಸ್ಸಿ. ಮುಗಿಸಿ ಕೆಮಿಸ್ಟನ ಸಹಾಯಕನಾಗಿ ಹೊಸದಾಗಿ ಸೇರಿದ್ದೆ. ಅವರು ಹತ್ತು ವರ್ಷದಿಂದ ಅಲ್ಲಿದ್ದರು. ನನ್ನ ಕನ್ನಡ ಕಿವಿಗೆ ಬಿದ್ದದ್ದೇ ಹತ್ತಿರ ಬಂದು, "ಯಾವೂರಪ್ಪಾ?" ಅಂದರು. ಸೂಲಿಬೆಲೆ ಅಂದೆ. ತಮ್ಮದು ನಲ್ಲೂರು ಅಂದರು. ಆಮೇಲೆ, "ರಾತ್ರಿಗೆ ಮುದ್ದೆ ಮಾಡ್ತೀನಿ, ಬಾ" ಅಂದರು.

ಅವರು ಹೆಚ್ಚು ಓದಿದವರಲ್ಲ. ಊರಿನಲ್ಲಿ ತೆರೆದ ಬಾವಿ ತೋಡುವ ಗುಂಪಿನಲ್ಲಿದ್ದು, ಅರವತ್ತರ ದಶಕದಲ್ಲಿ ಯಾರದೋ ಜೊತೆ ಉತ್ತರಕ್ಕೆ ಹೋಗಿ, ರಿಗ್ಗಿನಲ್ಲಿ ಕೂಲಿಯಾಗಿ ಸೇರಿ, ಕೆಸರಿನ ಗುಂಡಿ ನೋಡಿಕೊಳ್ಳುವ ಕೆಲಸಕ್ಕೆ ಏರಿದ್ದರು. ಎಣ್ಣೆಬಾವಿ ಕೊರೆಯುವಾಗ ಕೊಳವೆಯೊಳಗಿಂದ ಕೆಸರನ್ನು ಕೆಳಕ್ಕೆ ಒತ್ತುತ್ತಾರೆ. ಅದು ಕೊರೆದ ಕಲ್ಲಿನ ಪುಡಿಯನ್ನು ಹೊತ್ತುಕೊಂಡು ಮೇಲೆ ಬಂದು, ಕಾಲುವೆಯಲ್ಲಿ ಹರಿದು ಮತ್ತೆ ಗುಂಡಿಗೆ ಸೇರುತ್ತದೆ. ಆಳದಲ್ಲಿರುವ ಗ್ಯಾಸನ್ನು ಒತ್ತಿ ಹಿಡಿಯುವುದು ಈ ಕೆಸರಿನ ಭಾರವೇ. ಗುಂಡಿಯ ಮಟ್ಟ ತಾನಾಗಿ ಏರಿದರೆ, ಕೆಸರಿನ ತೂಕ ಇಳಿದರೆ, ಕೆಳಗಿನಿಂದ ಗ್ಯಾಸು ಬರುತ್ತಿದೆ ಎಂದು ಅರ್ಥ. ಅದಕ್ಕೇ ಅರ್ಧ ಗಂಟೆಗೊಮ್ಮೆ ಮಟ್ಟ ಅಳೆದು, ತೂಕ ನೋಡಿ, ರಿಜಿಸ್ಟರಿನಲ್ಲಿ ಬರೆಯಬೇಕು. ಕೆಲಸ ಅಷ್ಟೇ. ಆದರೆ ಮೇಲೆ ಅಟ್ಟಣಿಗೆಯಲ್ಲಿ ನಿಂತು ಕೊರೆಯುವ ಅಷ್ಟೂ ಜನ ಆ ಎರಡು ಅಂಕಿಗಳನ್ನು ನಂಬಿಕೊಂಡಿರುತ್ತಾರೆ.

ಮಟ್ಟ ಅಳೆಯಲು ನಲ್ಲೂರಣ್ಣ ಒಂದು ಕೋಲು ಮಾಡಿಕೊಂಡಿದ್ದರು. ರಜೆಗೆ ಹೋದಾಗ ಊರಿನ ಹುಣಸೆ ಕೊಂಬೆ ಕಡಿಸಿ, ಹೆರೆದು ನಯ ಮಾಡಿ, ಕಾದ ಕಬ್ಬಿಣದಿಂದ ಗೆರೆ ಎಳೆದು ತಂದದ್ದು. ಅಳತೆ ತೆಗೆಯುವ ಮುಂಚೆ ಕೆಸರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, "ಒಂದು ಪಾಯಿಂಟ್ ಇಪ್ಪತ್ತೆರಡು" ಅನ್ನುತ್ತಿದ್ದರು. ನೀರಿನ ತೂಕ ಒಂದು ಎಂದಿಟ್ಟುಕೊಂಡರೆ ಕೆಸರಿನದು ಅಷ್ಟು. ತಕ್ಕಡಿಯೂ ಅದನ್ನೇ ಹೇಳುತ್ತಿತ್ತು. ಆದರೂ ಎರಡು ಸಲ ತೂಗದೆ ಬಿಡುತ್ತಿರಲಿಲ್ಲ.

"ಬೆರಳಲ್ಲೇ ಗೊತ್ತಾಗುತ್ತಲ್ಲಣ್ಣ, ಮತ್ಯಾಕೆ ತೂಗೋದು?" ಎಂದು ಒಮ್ಮೆ ಕೇಳಿದ್ದೆ.

"ಬೆರಳಿಗೆ ಗೊತ್ತು ಅಂತ ನನಗೆ ಗೊತ್ತಾಗಿದ್ದೇ ತೂಗಿ ತೂಗಿ ಕಣಪ್ಪ" ಅಂದಿದ್ದರು.

ನನಗೆ ಒಳಗೊಳಗೇ ನಗು ಬಂದಿತ್ತು. ನಾನು ಕಾಲೇಜಿನಲ್ಲಿ ಸಾಂದ್ರತೆಯ ಸೂತ್ರ ಓದಿದವನು. ಏಳನೇ ಕ್ಲಾಸಿಗೆ ಓದು ಬಿಟ್ಟವರು ನನಗೆ ಕೆಸರು ಕಲಿಸುತ್ತಿದ್ದಾರಲ್ಲ ಎಂಬ ಒಂದು ಸಣ್ಣ ತಾತ್ಸಾರ… ಅದೂ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಕೈಯ ಮುದ್ದೆ, ಊರಿಂದ ತಂದ ಹುಣಸೆಯ ಸಾರು ವಾರಕ್ಕೆ ಎರಡು ಸಲ ಉಣ್ಣುತ್ತಿದ್ದೆ. ನನಗೆ ಜ್ವರ ಬಂದಾಗ ಮೂರು ದಿನ ತಮ್ಮ ಪಾಳಿಯ ಜೊತೆ ನನ್ನ ಪಾಳಿಯನ್ನೂ ಮಾಡಿದ್ದರು. ಹೆಂಡತಿಗೆ ಬರೆಯುವ ಕಾಗದದಲ್ಲಿ, "ನಮ್ಮ ಕಡೆಯ ಒಬ್ಬ ತಮ್ಮ ಸಿಕ್ಕಿದ್ದಾನೆ" ಎಂದು ಬರೆದಿದ್ದನ್ನು ನನಗೇ ಓದಿ ಹೇಳಿದ್ದರು.

ಆ ದಿನ ನನ್ನದು ಬೆಳಗಿನ ಪಾಳಿ, ಮಧ್ಯಾಹ್ನ ಎರಡಕ್ಕೆ ಅವರಿಗೆ ಒಪ್ಪಿಸಬೇಕು. ವೈಶಾಖದ ಬಿಸಿಲು. ಕೆಮಿಸ್ಟರ ಕ್ಯಾಬಿನ್ನಿನಲ್ಲಿ ಒಂದು ಫ್ಯಾನಿತ್ತು. ಹನ್ನೊಂದೂವರೆಗೆ ಅಳತೆ ತೆಗೆದು ಬಂದವನು ಊಟ ಮಾಡಿ ಫ್ಯಾನಿನ ಕೆಳಗೆ ಕೂತೆ. ಕಾರಣ ಏನೂ ಇಲ್ಲ. ಮನೆಯಿಂದ ಕೆಟ್ಟ ಸುದ್ದಿ ಬಂದಿರಲಿಲ್ಲ, ಮೈಗೆ ಹುಷಾರಿಲ್ಲದೆ ಇರಲಿಲ್ಲ. ಬಿಸಿಲಿಗೆ ಏಳಲು ಸೋಮಾರಿತನವಾಯಿತು, ಅಷ್ಟೇ. ಮೂರು ದಿನದಿಂದ ತೂಕ ಒಂದೇ ಸಮ ಇದ್ದುದರಿಂದ, ಹನ್ನೆರಡು, ಹನ್ನೆರಡೂವರೆ, ಒಂದು, ಒಂದೂವರೆ, ಈ ನಾಲ್ಕು ಹೊತ್ತಿನ ಎದುರಿಗೂ ಹಿಂದಿನ ಅಂಕಿಯನ್ನೇ ಬರೆದೆ. ನಾಲ್ಕು ಸಾಲು, ಒಂದೇ ಪೆನ್ನಿನಲ್ಲಿ, ಕೂತಲ್ಲಿಂದ ಏಳದೆ.

ನಲ್ಲೂರಣ್ಣ ಪಾಳಿಗೆ ಬಂದರೆ ಕ್ಯಾಬಿನ್ನಿಗೆ ಬರುವ ಮುಂಚೆ ಗುಂಡಿಯ ಹತ್ತಿರ ಹೋಗುತ್ತಿದ್ದರು. ಎರಡಕ್ಕೆ ಇನ್ನೂ ಐದು ನಿಮಿಷವಿತ್ತು. ಕಿಟಕಿಯಿಂದ ನೋಡುತ್ತಿದ್ದೆ. ಅವರು ಕೋಲು ಇಳಿಸಿದರು, ಎತ್ತಿ ನೋಡಿದರು, ಮತ್ತೆ ಇಳಿಸಿದರು. ತಕ್ಕಡಿಯ ಬಟ್ಟಲು ಕೈಗೆ ತೆಗೆದುಕೊಂಡು ಒಂದು ಗಳಿಗೆ ಸುಮ್ಮನೆ ನೋಡಿದರು. ತೂಗಿದರು. ಅವರು ಅವತ್ತು ಒಂದೇ ಸಲ ತೂಗಿದ್ದು. ತಕ್ಕಡಿ ಅಲ್ಲೇ ಬಿಟ್ಟು, "ರೋಕೋ, ರೋಕೋ" ಎಂದು ಕೂಗುತ್ತ ಅಟ್ಟಣಿಗೆಯ ಕಡೆ ಓಡಿದರು.

ಮಟ್ಟ ನಾಲ್ಕು ಬೆರಳು ಏರಿತ್ತು. ತೂಕ ಒಂದು ಪಾಯಿಂಟ್ ಹದಿನಾಲ್ಕಕ್ಕೆ ಇಳಿದಿತ್ತು. ಮೇಲಿದ್ದವರು ಕೊರೆಯುವುದನ್ನು ನಿಲ್ಲಿಸಿ ಬಾವಿಯ ಬಾಯಿ ಮುಚ್ಚುವ ಯಂತ್ರ ತಿರುಗಿಸಿದರು. ಅದು ಪೂರ್ತಿ ಮುಚ್ಚಿಕೊಳ್ಳುವ ಮುಂಚೆ ಗ್ಯಾಸು ಒಂದು ಸಲ ಕಾಲುವೆಯ ಬಾಯಿಂದ ಕೆಸರನ್ನು ಎತ್ತಿ ಎಸೆಯಿತು. ಕೆಸರಿಗೆ ಕಾಸ್ಟಿಕ್ ಸೋಡಾ ಬೆರೆಸಿರುತ್ತಾರೆ. ಅಟ್ಟಣಿಗೆಯ ಮೇಲಿದ್ದ ಎಂಟು ಜನಕ್ಕೆ ಏನೂ ಆಗಲಿಲ್ಲ. ಕಾಲುವೆಯ ಪಕ್ಕದಲ್ಲಿ ತಲೆ ಎತ್ತಿ ಕೂಗುತ್ತಿದ್ದ ನಲ್ಲೂರಣ್ಣನ ಮುಖದ ತುಂಬ ಅದು ಬಿತ್ತು.

ನಾನೇ ಬಕೆಟ್ಟು ಬಕೆಟ್ಟು ನೀರು ತಂದು ಅವರ ಕಣ್ಣಿಗೆ ಹೊಯ್ದೆ. "ಬಾವಿ ಮುಚ್ಚಿದ್ರಾ? ಮೇಲಿರೋರು ಇಳಿದ್ರಾ?" ಎಂದು ಕೇಳುತ್ತಲೇ ಇದ್ದರು. ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿನಲ್ಲಿ ಬೆಳಕು, ನೆರಳು, ಆಕಾರ, ಅಷ್ಟು ಉಳಿಯಿತು.

ಹದಿನೈದು ದಿನದ ಮೇಲೆ ವಿಚಾರಣೆ. ಮೇಜಿನ ಹಿಂದೆ ಮೂವರು ಅಧಿಕಾರಿಗಳು, ಮುಂದೆ ರಿಜಿಸ್ಟರು. ಅರ್ಧ ಗಂಟೆಯೊಳಗೆ ತೂಕ ಇಷ್ಟು ಇಳಿಯಲು ಹೇಗೆ ಸಾಧ್ಯ ಎಂಬುದೇ ಅವರ ಪ್ರಶ್ನೆ. ಹನ್ನೆರಡರಿಂದ ಒಂದೂವರೆಯವರೆಗಿನ ಅಳತೆ ನೀವೇ ತೆಗೆದದ್ದೋ ಎಂದು ನನ್ನನ್ನು ಕೇಳಿದರು. ಹೌದು ಸಾರ್ ಅಂದೆ. ಹಾಗಾದರೆ ಎರಡು ಗಂಟೆಗೆ ಏನಾಯಿತು, ನೀವು ಏನು ನೋಡಿದಿರಿ? ನಾನು ಹೇಳಿದೆ: "ಅವರು ಬಂದು ನೀರಿನ ವಾಲ್ವಿನ ಹತ್ತಿರ ನಿಂತಿದ್ದರು ಸಾರ್."

ಅದು ಸುಳ್ಳಲ್ಲ. ನೀರಿನ ವಾಲ್ವು ಇದ್ದದ್ದೇ ಗುಂಡಿಯ ಪಕ್ಕದಲ್ಲಿ. ಗುಂಡಿ ಅಳೆಯುವವರು ಅಲ್ಲೇ ನಿಲ್ಲಬೇಕು. ಆದರೆ ಕೆಸರಿಗೆ ನೀರು ಬಿಟ್ಟರೆ ಮಟ್ಟ ಏರುತ್ತದೆ, ತೂಕ ಇಳಿಯುತ್ತದೆ ಎಂಬುದು ಆ ಮೂವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೆಂಚಿನ ಮೇಲೆ ಕೂತಿದ್ದ ನಲ್ಲೂರಣ್ಣನನ್ನು, ನೀವು ಬಂದಾಗ ಏನಾದರೂ ಬೇರೆ ಗಮನಿಸಿದಿರಾ ಎಂದು ಕೇಳಿದರು. ಅವರು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. ಆಮೇಲೆ, "ಗಮನ ಇಲ್ಲ ಸಾಹೇಬ್ರೆ" ಅಂದರು. ಅಜಾಗರೂಕತೆಯಿಂದ ನೀರು ಬಿಟ್ಟವರೆಂದು ಬರೆದು ಅವರನ್ನು ಮನೆಗೆ ಕಳಿಸಿದರು. ಆ ಹುಣಸೆಯ ಕೋಲು ಅಲ್ಲೇ ಉಳಿಯಿತು. ಮುಂದೆ ಎರಡು ವರ್ಷ ನಾನು ಅದರಲ್ಲೇ ಮಟ್ಟ ಅಳೆದೆ.

ಮುಂದಿನ ಸಂಕ್ರಾಂತಿಗೆ ರಜೆಯ ಮೇಲೆ ಊರಿಗೆ ಬಂದೆ. "ನಲ್ಲೂರಿನೋರು ನನ್ನನ್ನ ತಮ್ಮನ ಥರ ನೋಡ್ಕೊಂಡ್ರು ಅಂತಿದ್ದೆ, ಹೋಗಿ ಮಾತಾಡಿಸ್ಕೊಂಡು ಬಾ" ಎಂದು ಅಮ್ಮ ಹೇಳಿದಳು. ದೇವನಹಳ್ಳಿಯ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಪರಿಚಯದ ಒಬ್ಬರು ಕೇಳಿದರು: "ನಿಮ್ಮ ಜೊತೆ ಇದ್ದೋನಂತಲ್ಲ, ಕುಡಿದು ಏನೋ ತಿರುವಿ ಕಣ್ಣು ಕಳ್ಕೊಂಡೋನು. ನಿಜವೇನಪ್ಪಾ?" ನಾನು ಲೋಟ ಕೆಳಗಿಟ್ಟು, ಬಸ್ಸು ಬಂತು ಎಂದು ಎದ್ದೆ. ಬಸ್ಸು ಬಂದಿರಲಿಲ್ಲ. ಗುಜರಾತಿನಲ್ಲಿ ಪಾನನಿಷೇಧ, ಅಲ್ಲಿ ಕುಡಿಯಲು ಸಿಗುವುದೇ ಕಷ್ಟ. ನಲ್ಲೂರಣ್ಣ ಬೀಡಿಯನ್ನೂ ಮುಟ್ಟಿದವರಲ್ಲ. ಊರು ತನಗೆ ತಿಳಿದ ಹಾಗೆ ಒಂದು ಕಾರಣ ಹುಡುಕಿಕೊಂಡಿತ್ತು.

ನಲ್ಲೂರಿಗೆ ಹೋದಾಗ ನಲ್ಲೂರಣ್ಣ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು. ಬೀಜ ತೆಗೆಯುವುದಕ್ಕೆ ಕಣ್ಣು ಬೇಕಾಗಿರಲಿಲ್ಲ. ಹೆಜ್ಜೆ ಸದ್ದಿಗೆ ತಲೆ ಎತ್ತಿ, ಯಾರು ಅಂದರು. ನಾನು ಅಂದೆ. ಮುಖ ಅರಳಿತು. ನಿಜವಾಗಿ ಅರಳಿತು, ಅದನ್ನು ನಾನು ತಪ್ಪಾಗಿ ಕಂಡಿಲ್ಲ. ಹೆಂಡತಿಯನ್ನು ಕೂಗಿ ಮಜ್ಜಿಗೆ ತರಿಸಿದರು. ಹದಿನೆಂಟರ ಮಗಳು ಒಳಬಾಗಿಲಲ್ಲಿ ಒಂದು ಸಲ ಕಾಣಿಸಿ ಒಳಗೆ ಹೋದಳು. ಈಗ ಎಷ್ಟು ಆಳ ಕೊರೀತಿದೀರ, ತೂಕ ಎಷ್ಟರಲ್ಲಿ ಇಟ್ಟಿದೀರ, ಅಟ್ಟಣಿಗೆಯ ಮೇಲೆ ಕೆಲಸ ಮಾಡುತ್ತಿದ್ದ ಆ ಅಸ್ಸಾಮಿನವನು ಹೇಗಿದ್ದಾನೆ ಎಂದೆಲ್ಲ ಕೇಳಿದರು. ನಾನು ಹೇಳುತ್ತಾ ಹೋದೆ. ಕಾಲು ಹಿಡಿದು ಎಲ್ಲವನ್ನೂ ಹೇಳಿಬಿಡಬೇಕು ಎಂದುಕೊಂಡೇ ಬಂದಿದ್ದೆ. ಅವರ ಹೆಂಡತಿ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಅವರು ಎದ್ದು ಹೋದ ಮೇಲೆ ಹೇಳೋಣ ಅಂದುಕೊಂಡೆ. ಅವರು ಎದ್ದು ಹೋದ ಮೇಲೂ ಹೇಳಲಿಲ್ಲ.

ಹೊರಟಾಗ ನಲ್ಲೂರಣ್ಣ ನನ್ನ ತೋಳು ಹಿಡಿದುಕೊಂಡು ತೋಪಿನವರೆಗೆ ಬಂದರು. ಮರದ ನೆರಳಿನಲ್ಲಿ ನಿಂತು ಹೇಳಿದರು:

"ಬಟ್ಲು ಒಣಗಿ ಹೋಗಿತ್ತು ಕಣಪ್ಪ ಅವತ್ತು. ಕೆಸರು ಚಕ್ಕೆ ಚಕ್ಕೆ ಎದ್ದಿತ್ತು. ಎರಡು ಗಂಟೆ ಕಾಲ ಯಾರೂ ಅದನ್ನ ಮುಟ್ಟಿರ್ಲಿಲ್ಲ."

ನಾನು ಕೆಳಗೆ ಬಿದ್ದಿದ್ದ ಒಂದು ಹುಣಸೆಕಾಯಿ ಎತ್ತಿ ಅದರ ಸಿಪ್ಪೆ ಒಡೆಯತೊಡಗಿದೆ.

"ಹೊಸದ್ರಲ್ಲಿ ನಾನೂ ಒಂದಿನ ಹಂಗೇ ಬರೆದಿದ್ದೆ" ಅಂದರು. "ಅವತ್ತು ಏನೂ ಆಗ್ಲಿಲ್ಲ. ಅಷ್ಟೇ ವ್ಯತ್ಯಾಸ. ಅದಕ್ಕೇ ಹೇಳ್ಲಿಲ್ಲ. ನಿಂದಿನ್ನೂ ಚಿಕ್ಕ ವಯಸ್ಸು."

ಆಮೇಲೆ, ಕೇಳಲೋ ಬೇಡವೋ ಎಂಬಂತೆ ಕೇಳಿದರು. ಮಗಳಿಗೆ ಸೂಲಿಬೆಲೆಯಲ್ಲಿ ಒಂದು ಸಂಬಂಧ ನೋಡುತ್ತಿದ್ದರು. ಗಂಡಿನ ಅಪ್ಪನಿಗೆ ನಮ್ಮ ಮನೆಯವರ ಪರಿಚಯ ಚೆನ್ನಾಗಿತ್ತು. "ಅವ್ರ ಕಿವಿಗೂ ಕುಡಿತದ ಮಾತು ಬಿದ್ದೈತೆ. ನಾನು ಇಲ್ಲ ಅಂದ್ರೆ, ಕುಡಿಯೋನು ಹಂಗೇ ಹೇಳ್ತಾನೆ ಅಂತಾರೆ. ನಿನ್ನ ಕೇಳೋಕೆ ಬರ್ತಾರೆ. ಕುಡೀತಿರ್ಲಿಲ್ಲ ಅನ್ನೋದೊಂದು ಹೇಳ್ಬಿಡು. ಬೇರೆ ಏನೂ ಹೇಳ್ಬೇಡ. ನಿನ್ನ ಕೆಲಸಕ್ಕೆ ತೊಂದ್ರೆ ಮಾಡ್ಕೋಬೇಡ."

ಹೇಳ್ತೀನಣ್ಣ ಅಂದೆ. ಅವರ ಕೈ ಹಿಡಿದು ಹೇಳಿದೆ.

ಮೂರನೇ ದಿನ ಬೆಳಿಗ್ಗೆ ಗಂಡಿನ ಅಪ್ಪ ಬಂದರು. ಒಳ್ಳೆಯ ಮನುಷ್ಯ, ಹೈನುಗಾರಿಕೆ ಮಾಡಿಕೊಂಡಿದ್ದವರು. ಅಮ್ಮ ಕಾಫಿ ಕೊಟ್ಟಳು. ಅವರು ಸುತ್ತಿ ಬಳಸಿ ಮಾತಾಡಲಿಲ್ಲ.

"ಹುಡುಗಿ ನಮಗೆ ಒಪ್ಪಿಗೆ. ಅಪ್ಪನ ವಿಷಯ ಒಂದು ಕೇಳ್ಕೊಂಡು ಹೋಗೋಣ ಅಂತ ಬಂದೆ. ಕುಡೀತಿದ್ರಾ?"

ಇಲ್ಲ ಎಂಬ ಮಾತು ಬಾಯಿಯವರೆಗೆ ಬಂತು. ಇಲ್ಲ ಅಂದರೆ ಅವರ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು: ಮತ್ತೆ ಹತ್ತು ವರ್ಷ ಅನುಭವ ಇದ್ದವರು ಯಾಕೆ ಹಾಗೆ ಮಾಡಿದರು? ಅಮ್ಮ ಬಾಗಿಲ ಹತ್ತಿರವೇ ನಿಂತಿದ್ದಳು. ಮಗ ಕಲಿತು ದೊಡ್ಡ ಕೆಲಸದಲ್ಲಿದ್ದಾನೆ ಎಂದು ಊರೆಲ್ಲ ಹೇಳಿಕೊಂಡು ಬಂದವಳು.

"ನನ್ನ ಪಾಳಿ ಮುಗಿದಿತ್ತು" ಅಂದೆ. "ನನಗೆ ಸರಿಯಾಗಿ ಗೊತ್ತಿಲ್ಲ."

ಅವರು ಕಾಫಿಯ ಲೋಟ ಕೆಳಗಿಟ್ಟರು. "ಗೊತ್ತಾಯ್ತು ಬಿಡಪ್ಪ" ಎಂದು ಎದ್ದರು. ನಾನು ಸ್ನೇಹಿತನ ತಪ್ಪು ಮುಚ್ಚಿಡುತ್ತಿದ್ದೇನೆ ಎಂದು ಅವರು ತಿಳಿದುಕೊಂಡರು. ಹಾಗೆ ತಿಳಿದುಕೊಳ್ಳುತ್ತಾರೆ ಎಂದು ನನಗೆ ಆ ಗಳಿಗೆಯಲ್ಲೇ ತಿಳಿದಿತ್ತು. ಅವರು ಗೇಟಿನ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುವಷ್ಟು ಹೊತ್ತು ನನಗೆ ಇತ್ತು. ರಸ್ತೆ ತಿರುಗುವವರೆಗೂ ಇತ್ತು. ಕೂಗಬಹುದಿತ್ತು.

ಸಂಬಂಧ ಮುರಿಯಿತು. ರಜೆ ಇನ್ನೂ ಆರು ದಿನ ಇರುವಾಗಲೇ ನಾನು ಗುಜರಾತಿಗೆ ಹೊರಟೆ. ರಿಜಿಸ್ಟರಿನಲ್ಲಿ ಮತ್ತೆಂದೂ ಅಳೆಯದೆ ಬರೆಯಲಿಲ್ಲ. ಅದನ್ನೊಂದು ಸಮಾಧಾನವೆಂದು ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ಕೆಲಸ ಖಾಯಮಾಯಿತು. ಮದುವೆಯಾಯಿತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ನಾನು ಅಸ್ಸಾಮಿನಲ್ಲಿದ್ದಾಗ, ಅಮ್ಮ ಬರೆಸಿದ ಇನ್‌ಲ್ಯಾಂಡ್ ಕಾಗದದ ಕೊನೆಯ ಮಡಿಕೆಯಲ್ಲಿ ಒಂದು ಸಾಲಿತ್ತು: ನಲ್ಲೂರಿನವರು ತೀರಿಕೊಂಡರಂತೆ. ಆ ಕಾಗದವನ್ನು ಹೆಂಡತಿಗೆ ಓದಿ ಹೇಳುವಾಗ ಆ ಸಾಲನ್ನು ಬಿಟ್ಟು ಓದಿದೆ.

ನಿವೃತ್ತಿಯಾದ ಮೇಲೆ ದೇವನಹಳ್ಳಿಯಲ್ಲೇ ಮನೆ ಮಾಡಿದೆ. ನಲ್ಲೂರು ಅಷ್ಟು ಹತ್ತಿರ. ಹದಿನೆಂಟು ವರ್ಷದಲ್ಲಿ ಆ ಕಡೆ ಹೋಗುವ ದಾರಿ ಬಂದಾಗಲೆಲ್ಲ ಬೇರೆ ದಾರಿ ಹಿಡಿದೆ… ಸೇತುವೆಯ ಕೆಸರಿನ ವಾಸನೆ ಬಂದ ದಿನ ಮಾತ್ರ, ಹಾಲು ಮನೆಯಲ್ಲಿಟ್ಟು, ಬ್ಯಾಂಕಿಗೆ ಹೋಗಿ ಬರ್ತೀನಿ ಎಂದು ಹೆಂಡತಿಗೆ ಹೇಳಿ, ಆಟೋ ಹತ್ತಿ ನಲ್ಲೂರಿಗೆ ಹೋದೆ.

ಮಗಳು ಅಲ್ಲೇ ಇದ್ದರು. ಊರಿನವರು "ಅಂಗನವಾಡಿ ಟೀಚರಮ್ಮನ ಮನೆ" ಎಂದು ತೋರಿಸಿದರು. ಈಗ ಅವರಿಗೆ ಎಪ್ಪತ್ತರ ಹತ್ತಿರ. ತಲೆ ಬೆಳ್ಳಗಾಗಿದೆ, ಕಣ್ಣು ಚುರುಕಾಗಿದೆ. ನಾನು ಯಾರೆಂದು ಹೇಳಿದೆ. ಕುರ್ಚಿ ತಂದು ಹಾಕಿದರು. ಐವತ್ತು ವರ್ಷ ಹೇಳದ್ದನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದೆ. ಫ್ಯಾನಿನ ಕೆಳಗೆ ಕೂತದ್ದು, ನಾಲ್ಕು ಸಾಲು, ವಾಲ್ವಿನ ಮಾತು, ಗಂಡಿನ ಅಪ್ಪ ಬಂದದ್ದು, ಎಲ್ಲ.

"ಅಪ್ಪ ಅವ್ವಂಗೆ ಹೇಳಿದ್ರು" ಎಂದರು ಕೊನೆಗೆ. "ಅವ್ವ ಹೋಗೋ ಮುಂಚೆ ನನಗೆ ಹೇಳಿದ್ಲು. ಸೂಲಿಬೆಲೆಯೋರು ಬಿಟ್ರಲ್ಲ, ಆಮೇಲೆ ಬಂದೋರೆಲ್ಲ ಅವ್ರ್ಯಾಕೆ ಬಿಟ್ರು ಅಂತಲೇ ಕೇಳಿ ಎದ್ದು ಹೋದ್ರು. ಅಪ್ಪ ಮಾತ್ರ ನೀವು ಬರ್ತೀರ ಅಂತಿದ್ರು. ಬಸ್ ನಿಂತ ಸದ್ದಾದ್ರೆ, ನೋಡಮ್ಮ ಯಾರು ಅಂತ ನನ್ನ ಕಳಿಸೋರು."

ಊರಿನಲ್ಲಿ ಯಾರಿಗೆ ಬೇಕಾದರೂ ಈಗ ಬಂದು ಹೇಳುತ್ತೇನೆ ಅಂದೆ.

"ಯಾರಿಗೆ ಹೇಳ್ತೀರಿ? ಆ ಮಾತಾಡಿದೋರು ಯಾರೂ ಉಳಿದಿಲ್ಲ. ಈಗಿನೋರಿಗೆ ನಮ್ಮಪ್ಪ ಯಾರು ಅಂತಲೇ ಗೊತ್ತಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಹಗುರವಾಗುತ್ತಿದ್ದೆನೇನೋ. "ನಿಮ್ಮ ಮನೇಲಿ ಗೊತ್ತಾ?"

ಇಲ್ಲ ಅಂದೆ.

"ಹಂಗಾದ್ರೆ ಅಲ್ಲಿ ಹೇಳಿ. ಇಲ್ಲಿ ನಮಗೆ ಗೊತ್ತಿರೋದನ್ನೇ ಹೇಳೋಕೆ ಬಂದಿದೀರಿ."

ಅವರು ಕೊಟ್ಟ ನೀರು ಕುಡಿದು ಎದ್ದೆ. ಕ್ಷಮಿಸಿ ಎಂಬ ಮಾತನ್ನು ಆಡಬೇಕೆಂದು ಬಂದವನು ಆಡದೆ ಹೊರಟೆ. ಅದನ್ನು ಕೇಳುವುದೂ ಅವರಿಂದ ಇನ್ನೊಂದನ್ನು ಪಡೆದ ಹಾಗೆ ಎಂದು ಕಂಡಿತು.

ಮಧ್ಯಾಹ್ನ ಮನೆಯಲ್ಲಿ ಹೆಂಡತಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಬ್ಯಾಂಕಿನಲ್ಲಿ ಇಷ್ಟು ಹೊತ್ತಾ ಎಂದು ಕೇಳಿದಳು. ಎದುರಿಗೆ ಕೂತು ಎಲ್ಲ ಹೇಳಿದೆ. ನಲವತ್ತೇಳು ವರ್ಷ ಸಂಸಾರ ಮಾಡಿದವಳು. ನಾನು ಕೈಯ ಕೆಲಸದಲ್ಲಿ ಎಷ್ಟು ಕಟ್ಟುನಿಟ್ಟು, ಎಷ್ಟು ಪ್ರಾಮಾಣಿಕ ಎಂದು ಮಕ್ಕಳಿಗೆ, ಸೊಸೆಗೆ ಹೇಳಿಕೊಂಡು ಬಂದವಳು. ಅವಳ ಕೈ ನಿಂತಿತ್ತು. ಕಣ್ಣು ಹೋದವರ ಬಗ್ಗೆ, ವಿಚಾರಣೆಯ ಬಗ್ಗೆ ಏನೂ ಕೇಳಲಿಲ್ಲ.

"ಆ ಹುಡುಗಿಗೆ ಆಮೇಲೆ ಮದುವೆ ಆಯ್ತಾ?" ಎಂದಳು.

ಆಗಲಿಲ್ಲ ಅಂದೆ.

ಅವಳು ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದು ಒಳಗೆ ಹೋದಳು. ನಾನು ಅಲ್ಲೇ ಕೂತು, ಉಳಿದ ಕಾಯಿಗಳನ್ನು ಒಂದೊಂದಾಗಿ ಬಿಡಿಸಿದೆ.